ಬೋರಲಿಂಗಯ್ಯನವರ ಎರಡು ಗೆರೆ

ಓಟು ಹಾಕುವವರ ಬೆರಳಿಗೆ ಶಾಯಿ ಹಚ್ಚುತ್ತೇವೆ. ಓಟು ತೆಗೆದುಕೊಂಡವರ ಬೆರಳಿಗೂ ಹಚ್ಚಿದರೆ ಏನಾಗುತ್ತದೆ?

ಹದಿನೈದು ವರ್ಷದ ಹಿಂದೆ, ಮೈಸೂರಿನ ಹೊರವಲಯದಲ್ಲಿರುವ ನಮ್ಮ ವರ್ಣಿಕಾ ಸಂಶೋಧನಾಲಯದ ಕ್ಯಾಂಟೀನಿನಲ್ಲಿ ಕೂತು ಈ ಪ್ರಶ್ನೆ ಕೇಳಿದವಳು ನಾನು, ರತ್ನಮಾಲ. ಬಣ್ಣಗಳ ರಸಾಯನಶಾಸ್ತ್ರ ನನ್ನ ಕಸುಬು. ಕೇಳಿಸಿಕೊಂಡವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಹಾಲಗೆರೆ ಶಾಸಕ ಬೋರಲಿಂಗಯ್ಯ ಐದನೇ ಸಲ ಗೆದ್ದು, ಗೆದ್ದ ತಿಂಗಳಲ್ಲೇ ನಾಲ್ಕನೇ ಪಕ್ಷಕ್ಕೆ ಹಾರಿದ ಸುದ್ದಿಯನ್ನು ಆವತ್ತು ಬೆಳಗ್ಗೆ ಪೇಪರಿನಲ್ಲಿ ಓದಿ ಬಂದಿದ್ದೆ.

ಹಾಲಗೆರೆ ನನ್ನ ತವರು. ಅಲ್ಲಿಯ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಬೋರಲಿಂಗಯ್ಯ ಮೂರು ಸಲ ಅಡಿಗಲ್ಲು ಹಾಕಿದ್ದಾರೆ. ಮೂರು ಕಲ್ಲುಗಳೂ ಇವೆ, ಹೆಸರು ಕೆತ್ತಿಸಿಕೊಂಡು, ಸಾಲಾಗಿ. ವಾರ್ಡು ಮಾತ್ರ ಇಲ್ಲ. ನನ್ನ ತಮ್ಮ ಚೆಲುವರಾಜುವಿನ ಹೆಂಡತಿ ಪುಟ್ಟಗೌರಿ ಹೆರಿಗೆಗೆಂದು ಮೈಸೂರಿಗೆ ಹೋಗುವ ದಾರಿಯಲ್ಲಿ, ಕಾರಿನಲ್ಲೇ, ಗಂಡುಮಗುವನ್ನು ಕಳೆದುಕೊಂಡಳು. ಆ ಕಾರನ್ನು ಬೋರಲಿಂಗಯ್ಯ ಕಳಿಸಿದ್ದರು. ಕಾರು ಕಳಿಸಿದರಲ್ಲ ಎಂದು ನನ್ನ ತಮ್ಮ ಇಷ್ಟು ವರ್ಷ ಅವರನ್ನು ಕೊಂಡಾಡಿದ್ದೇ ಕೊಂಡಾಡಿದ್ದು. ವಾರ್ಡು ಇದ್ದಿದ್ದರೆ ಕಾರು ಯಾಕೆ ಬೇಕಿತ್ತು ಎಂದು ನಾನು ಕೇಳಿದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ನಮ್ಮಿಬ್ಬರ ಜಗಳ ಯಾವಾಗಲೂ ಇದೇ. ಹೊಸಬ ಬಂದರೆ ವಿಧಾನಸೌಧದಲ್ಲಿ ಯಾವ ಬಾಗಿಲು ಎಲ್ಲಿದೆ ಎಂದು ಕಲಿಯುವುದಕ್ಕೇ ಐದು ವರ್ಷ ಬೇಕು, ಇವರಿಗಾದರೆ ಒಂದು ಫೋನಿನಲ್ಲಿ ಕೆಲಸವಾಗುತ್ತದೆ ಎಂದು ಅವನು. ಒಬ್ಬನ ಫೋನಿಲ್ಲದೆ ಯಾವ ಕೆಲಸವೂ ಆಗದ ಹಾಗೆ ಮೂವತ್ತು ವರ್ಷ ಊರನ್ನು ಇಟ್ಟುಕೊಂಡಿರುವುದೇ ಅವರ ಅನುಭವ ಎಂದು ನಾನು. ಮೊದಲೆರಡು ಸಲ ಗೆದ್ದಾಗ ಬೋರಲಿಂಗಯ್ಯ ಕೆಲಸ ಮಾಡಿದ್ದು ಸುಳ್ಳಲ್ಲ. ಎರಡು ಶಾಲೆ, ಒಂದು ಸೇತುವೆ ಅವರದೇ. ಅಷ್ಟಕ್ಕೇ ಮನೆಗೆ ಹೋಗಿದ್ದರೆ ನಾನೂ ಕೈ ಮುಗಿಯುತ್ತಿದ್ದೆ. ಆಮೇಲಿನ ವರ್ಷಗಳಲ್ಲಿ ಅವರು ಮಾಡಿದ್ದು ಒಂದೇ ಕೆಲಸ, ಮುಂದಿನ ಸಲವೂ ತಾನೇ ಗೆಲ್ಲುವುದು.

ಇನ್ನು ಶಾಯಿಯ ವಿಷಯ. ಮತದಾರರಿಗೆ ಹಚ್ಚುವುದರಲ್ಲಿ ಬೆಳ್ಳಿಯ ಉಪ್ಪು ಇರುತ್ತದೆ. ಬೆಳಕು ಬಿದ್ದರೆ ಕಪ್ಪಾಗುತ್ತದೆ, ಉಗುರು ಬೆಳೆಯುತ್ತ ಹೋದ ಹಾಗೆ ತುದಿಗೆ ಸರಿದು ಕತ್ತರಿಸಿಕೊಂಡು ಹೋಗುತ್ತದೆ. ನಾನು ಮಾಡಿದ್ದು ಬೇರೆ. ಉಗುರು ಹುಟ್ಟುವುದು ಅದರ ಬುಡದಲ್ಲಿ, ಚರ್ಮದ ಮಡಿಕೆಯ ಕೆಳಗೆ. ಅಲ್ಲಿಯ ಜೀವಕೋಶಗಳಿಗೇ ನೇರಳೆ ಬಣ್ಣ ತಯಾರಿಸುವ ಗುಣವನ್ನು ಸೇರಿಸಿಬಿಟ್ಟರೆ, ಆಮೇಲೆ ಹುಟ್ಟುವ ಉಗುರೆಲ್ಲ ಬುಡದಿಂದ ತುದಿಯವರೆಗೆ ಒಂದು ನೇರಳೆ ಗೆರೆಯನ್ನು ಹೊತ್ತುಕೊಂಡೇ ಬರುತ್ತದೆ. ಉಜ್ಜಿದರೂ ಹೋಗದು, ಕಿತ್ತರೂ ಮತ್ತೆ ಅದೇ ಗೆರೆ. ಪ್ರಮಾಣವಚನ ತೆಗೆದುಕೊಂಡ ದಿನ ಎಡಗೈ ತೋರುಬೆರಳಿಗೆ ಸಣ್ಣ ಸೂಜಿಯಿಂದ ಒಂದು ಗೆರೆ, ಎರಡನೇ ಸಲ ಗೆದ್ದರೆ ಪಕ್ಕದಲ್ಲಿ ಇನ್ನೊಂದು. ಎರಡು ಗೆರೆಯಾದವರು ಮತ್ತೆ ನಿಲ್ಲುವಂತಿಲ್ಲ. ಪ್ರತಿಯೊಬ್ಬರ ಬಣ್ಣದಲ್ಲೂ ಬೇರೆ ಬೇರೆ ಕಣಗಳ ಜೋಡಣೆ ಇಟ್ಟಿದ್ದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾರ ಗೆರೆ, ಎಷ್ಟನೇ ಅವಧಿಯದು ಎಂದು ಹೇಳಬಹುದಿತ್ತು. ಅದು ನನ್ನ ಪ್ರಯೋಗಾಲಯದ ಶಿಸ್ತಿಗೆಂದು ಮಾಡಿಕೊಂಡದ್ದು, ಕಾಯ್ದೆಯಲ್ಲಿ ಅದರ ಮಾತಿಲ್ಲ.

ದಾಖಲೆ ನೋಡಿದರೆ ಸಾಲದೇ, ಬೆರಳೇ ಯಾಕೆ ಎಂದು ಆಗ ಹಲವರು ಕೇಳಿದರು. ದಾಖಲೆ ಇದ್ದಲ್ಲಿ ವಕೀಲರು ಇರುತ್ತಾರೆ. ಅವಧಿಯ ನಡುವೆ ರಾಜೀನಾಮೆ ಕೊಟ್ಟರೆ ಅದು ಅವಧಿಯೋ ಅಲ್ಲವೋ, ಉಪಚುನಾವಣೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಒಂದು ತಡೆಯಾಜ್ಞೆ ತಂದರೆ ಹತ್ತು ವರ್ಷ ಕಳೆಯುತ್ತದೆ. ಜನ ರೋಸಿಹೋಗಿದ್ದರು. ಕಾಗದ ಬೇಡ, ಬೆರಳು ತೋರಿಸಲಿ ಎಂದು ಬೀದಿಗಿಳಿದರು. ಕೊನೆಗೆ ಹನ್ನೊಂದು ವರ್ಷದ ಹಿಂದೆ ಅವಧಿ ಮಿತಿ ಕಾಯ್ದೆ ಬಂತು. ಹಿಂದಿನ ಅವಧಿಗಳು ಮಾಫಿ, ಇನ್ನು ಮುಂದೆ ಎರಡೇ. ಅದರಲ್ಲಿ ಒಂದು ಕಲಮು ಹೀಗಿತ್ತು: ಬೆರಳಿನ ಮೇಲಿನ ಗುರುತೇ ಏಕೈಕ ಮತ್ತು ಅಂತಿಮ ಸಾಕ್ಷ್ಯ.

ಆ ಕಲಮನ್ನು ಸೇರಿಸಿದ್ದು ರಾಜಕಾರಣಿಗಳಲ್ಲ. ಸಮಿತಿಯ ಮುಂದೆ ಎದೆ ತಟ್ಟಿಕೊಂಡು, ಮನುಷ್ಯರು ಸುಳ್ಳು ಹೇಳಬಹುದು, ನನ್ನ ಶಾಯಿ ಹೇಳುವುದಿಲ್ಲ ಎಂದು ಆ ಸಾಲು ಬರೆಸಿದವಳು ನಾನೇ. ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ.

ಕಾಯ್ದೆ ಬಂದ ಮೇಲೆ ಬೋರಲಿಂಗಯ್ಯ ಎರಡು ಸಲ ಗೆದ್ದರು, ಎರಡು ಗೆರೆ ಹಾಕಿಸಿಕೊಂಡರು. ಎರಡನೆಯದನ್ನು ನಾನೇ ಹಾಕಿದೆ. ಚುಚ್ಚಿದಾಗ ಅವರು ನಗುತ್ತ, ಇರುವೆ ಕಚ್ಚಿದ ಹಾಗಾಯಿತು ಮೇಡಂ ಎಂದರು. ಅಂತೂ ಇವರ ಕಾಲ ಮುಗಿಯಿತು ಎಂದು ಆವತ್ತು ಸಂಜೆ ನಾನು ಮೈಸೂರು ಪಾಕು ತಂದು ಪ್ರಯೋಗಾಲಯದವರಿಗೆಲ್ಲ ಹಂಚಿದ್ದೆ.

ಈಗ ಮೂರನೇ ಚುನಾವಣೆ. ನಾಮಪತ್ರ ಪರಿಶೀಲನೆಯ ದಿನ ಗುರುತು ನೋಡಿ ಪ್ರಮಾಣಪತ್ರ ಕೊಡುವುದಕ್ಕೆ ಪ್ರತಿ ಕ್ಷೇತ್ರಕ್ಕೂ ಒಬ್ಬ ತಜ್ಞರನ್ನು ಕಳಿಸುತ್ತಾರೆ. ಹಾಲಗೆರೆಗೆ ನನ್ನನ್ನೇ ಹಾಕಿದ್ದರು. ಅಭ್ಯರ್ಥಿಗಳ ಪಟ್ಟಿಯಲ್ಲಿ ಬೋರಲಿಂಗಯ್ಯನವರ ಹೆಸರು ನೋಡಿ, ಮುಪ್ಪಿಗೆ ಮರೆವು ಬಂದಿರಬೇಕು ಎಂದುಕೊಂಡೆ.

ತಾಲ್ಲೂಕು ಕಚೇರಿಯಲ್ಲಿ ಅವರು ನನ್ನ ಮುಂದೆ ಕೂತು ಎಡಗೈಯನ್ನು ಮೇಜಿನ ಮೇಲಿಟ್ಟರು. ತೋರುಬೆರಳಿನ ಉಗುರು ಬೆಳ್ಳಗೆ, ಶುಭ್ರವಾಗಿತ್ತು. ಗೆರೆಯಿಲ್ಲ.

ನಾನು ಭೂತಗನ್ನಡಿ ಹಿಡಿದೆ. ದೀಪ ಹಾಕಿದೆ. ಉಗುರಿನ ಸುತ್ತ, ಚರ್ಮದ ಅಂಚಿನಲ್ಲಿ, ಕೂದಲೆಳೆಯಷ್ಟು ಸಣ್ಣ ಹೊಲಿಗೆಯ ಕಲೆ ಕಂಡಿತು. ಅರ್ಥವಾಗಲು ಕ್ಷಣವೂ ಬೇಕಾಗಲಿಲ್ಲ. ಗೆರೆಯನ್ನು ಅಳಿಸಿರಲಿಲ್ಲ, ಉಗುರಿನ ಬುಡವನ್ನೇ ಎತ್ತಿ ತೆಗೆದು ಬೇರೆ ಯಾರದೋ ಬುಡವನ್ನು ಅಲ್ಲಿ ಕೂರಿಸಿದ್ದರು. ಇಷ್ಟು ಚೆನ್ನಾಗಿ ಕೂತಿದೆಯೆಂದರೆ ಅದು ಮೈಗೆ ಹೊಂದುವ ಮನುಷ್ಯನದೇ ಇರಬೇಕು. ಯಾರೋ ಒಬ್ಬ ಬಡಪಾಯಿ ತನ್ನ ಬೆರಳನ್ನು ಕೊಟ್ಟಿದ್ದ.

ಜನರ ಆಶೀರ್ವಾದ, ಗುರುತು ತಾನಾಗಿಯೇ ಹೋಯಿತು ಎಂದು ಬೋರಲಿಂಗಯ್ಯ ಚುನಾವಣಾಧಿಕಾರಿಗೆ ಹೇಳುತ್ತಿದ್ದರು. ಹೊರಗೆ ಅವರ ಹುಡುಗರು ಫ್ಲೆಕ್ಸಿಗೆ ಹಾಲು ಸುರಿಯುತ್ತಿದ್ದರು. ನಾನು ಹೊಲಿಗೆಯ ಕಲೆಯನ್ನು ಬರೆದುಕೊಳ್ಳಿ ಎಂದೆ. ಕಾಯ್ದೆ ಬಂದ ಮೇಲೇ ಈ ಮನುಷ್ಯ ಹತ್ತು ವರ್ಷ ಇಲ್ಲಿಯ ಶಾಸಕ, ಆ ಗೋಡೆಯ ಮೇಲೆ ಅವರ ಫೋಟೋ ಇದೆ, ಇನ್ನೇನು ಸಾಕ್ಷಿ ಬೇಕು ಎಂದು ಕೂಗಿದೆ. ಚುನಾವಣಾಧಿಕಾರಿ ಒಳ್ಳೆಯ ಮನುಷ್ಯನೇ. ಕಾಯ್ದೆಯ ಪುಸ್ತಕವನ್ನು ತೆಗೆದು, ನನ್ನ ಕಲಮನ್ನು ನನಗೇ ಓದಿ ಹೇಳಿದ. ನಮೂನೆಯಲ್ಲಿ ಇರುವುದು ಒಂದೇ ಕಾಲಂ, ಗುರುತು ಇದೆ ಅಥವಾ ಇಲ್ಲ. ಹೊಲಿಗೆಗೆ ಕಾಲಂ ಇಲ್ಲ.

ಇಡೀ ತಾಲ್ಲೂಕಿಗೆ ಗೊತ್ತಿದ್ದದ್ದು ಬೆರಳಿಗೆ ಗೊತ್ತಿರಲಿಲ್ಲ. ಬೆರಳಿಗೆ ಗೊತ್ತಿಲ್ಲದ್ದು ಕಾನೂನಿಗೂ ಗೊತ್ತಿರಲಿಲ್ಲ. ನಾನು 'ಇಲ್ಲ' ಎಂದು ಬರೆದು ಸಹಿ ಹಾಕಿದೆ. ಬೋರಲಿಂಗಯ್ಯ ಎದ್ದು ನಿಂತು, ಒಳ್ಳೆಯದಾಗಲಿ ತಂಗಿ ಎಂದು ಹರಸಿ ಹೋದರು.

ಅಲ್ಲಿಂದ ನೇರ ತಮ್ಮನ ಮನೆಗೆ ಹೋದೆ. ಬೈದು ಹಗುರವಾಗಲು ಹೋದದ್ದು, ಬೇರೆ ಅನುಮಾನವಿರಲಿಲ್ಲ. ಎಂಟು ತಿಂಗಳಿಂದ ಅವನು ಮೈಸೂರಿಗೆ ಬಂದಿರಲಿಲ್ಲ, ಕೆಲಸ ಜಾಸ್ತಿ ಎನ್ನುತ್ತಿದ್ದ. ಚೆಲುವರಾಜು ಬೀಟೆ ಮರದ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಆನೆ, ನವಿಲು, ಅರಮನೆ ಮೂಡಿಸುವ ಕೆಲಸಗಾರ. ಚೂರನ್ನು ಕೂರಿಸಿದ ಮೇಲೆ ಎಡಗೈ ತೋರುಬೆರಳಿನಿಂದ ಸವರಿ ನೋಡುತ್ತಾನೆ. ಅಂಚು ಎದ್ದಿದೆಯೋ ಇಲ್ಲವೋ ಎಂದು ಕಣ್ಣಿಗಿಂತ ಮೊದಲು ಆ ಬೆರಳು ಹೇಳುತ್ತದೆ.

ಅವನು ಜಗಲಿಯಲ್ಲಿ ಸುಮ್ಮನೆ ಕೂತಿದ್ದ. ಹಲಗೆಗಳು ಗೋಡೆಗೊರಗಿದ್ದವು, ಒಂದರ ಮೇಲೂ ಕೆಲಸ ನಡೆದಿರಲಿಲ್ಲ. ಎಡಗೈ ಬೆರಳಿಗೆ ಬಟ್ಟೆ ಸುತ್ತಿತ್ತು. ಉಳಿ ತಾಗಿತು ಎಂದ. ನಾನು ಕೇಳದೆಯೇ ಎಂದ.

ಅಡುಗೆಮನೆಯಿಂದ ಪುಟ್ಟಗೌರಿ ಹೊರಗೆ ಬಂದಳು. ಅವಳು ಅತ್ತು ಎಷ್ಟು ದಿನವಾಗಿತ್ತೋ, ಮುಖದಲ್ಲಿ ಬರೀ ಸಿಟ್ಟು ಉಳಿದಿತ್ತು. "ಬಿಚ್ಚಿ ತೋರ್ಸಿ, ನಿಮ್ಮಕ್ಕಂಗೆ ತೋರ್ಸಿ," ಎಂದಳು. "ಶಾಯಿ ಕಂಡುಹಿಡ್ದೋರು ನೋಡ್ಲಿ."

ನಾನೇ ಬಿಚ್ಚಿದೆ. ಊದಿಕೊಂಡ ಬೆರಳು, ಅಂಚಿನಲ್ಲಿ ಕೀವು, ಉಗುರಿನ ಮೇಲೆ ಎರಡು ನೇರಳೆ ಗೆರೆ.

ಕಳೆದ ವರ್ಷ ಬೋರಲಿಂಗಯ್ಯನವರ ಹುಟ್ಟುಹಬ್ಬಕ್ಕೆ ಉಚಿತ ಆರೋಗ್ಯ ತಪಾಸಣಾ ಶಿಬಿರ ನಡೆದಿತ್ತಂತೆ. ಪ್ರತಿ ವರ್ಷ ಕನ್ನಡಕ ಕೊಡುತ್ತಿದ್ದವರು ಆ ವರ್ಷ ಎಲ್ಲರ ರಕ್ತ ತೆಗೆದುಕೊಂಡರು. ಎರಡು ಸಾವಿರ ಜನ ಸಾಲಿನಲ್ಲಿ ನಿಂತು, ಒಂದು ಬಾಳೆಹಣ್ಣು ಬಿಸ್ಕತ್ತಿಗೆ ರಕ್ತ ಕೊಟ್ಟು ಬಂದರು. ತಿಂಗಳಾದ ಮೇಲೆ ಶಾಸಕರೇ ಈ ಮನೆಗೆ ಬಂದರು. ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿಂದರು. ನಿನ್ನ ರಕ್ತ ನನ್ನ ರಕ್ತ ಒಂದೇ ಕಣೋ ಚೆಲುವ, ಒಡಹುಟ್ಟಿದವರಲ್ಲೂ ಇಷ್ಟು ಹೊಂದಲ್ಲವಂತೆ ಎಂದು ಕಣ್ಣೊರೆಸಿಕೊಂಡರು. ಬೆಂಗಳೂರಿನ ಯಾವುದೋ ನರ್ಸಿಂಗ್ ಹೋಮಿನಲ್ಲಿ ಒಂದೇ ಮಧ್ಯಾಹ್ನ ಇಬ್ಬರ ಉಗುರಿನ ಬುಡವನ್ನೂ ಅದಲು ಬದಲು ಮಾಡಿದರು. ನಿನಗೆ ಉಗುರಿಲ್ಲದ ಹಾಗೆ ಮಾಡಲ್ಲ, ನನ್ನದನ್ನೇ ನಿನಗೆ ಕೊಡುತ್ತೇನೆ ಎಂದರಂತೆ. ಅದನ್ನು ಹೇಳುವಾಗ ನನ್ನ ತಮ್ಮನ ಮುಖ ಇನ್ನೂ ಅರಳಿತು, ನೋಡುವುದಕ್ಕೆ ನನಗೆ ಅಸಹ್ಯವಾಯಿತು. ಮೈ ಹೊಸ ಉಗುರನ್ನು ಒಪ್ಪಿಕೊಳ್ಳುವುದಕ್ಕೆ ಮಾತ್ರೆ ಬೇಕು. ಮೂರು ತಿಂಗಳು ಯಾರೋ ತಂದುಕೊಟ್ಟರು. ಆಮೇಲೆ ನಿಲ್ಲಿಸಿದರು.

"ಕೆಲ್ಸ?" ಎಂದೆ.

"ಬೆರಳಿಗೆ ಏನೂ ತಿಳೀತಿಲ್ಲ ಅಕ್ಕ. ಮುಟ್ಟಿದ್ರೆ ಮರ ಅಂತ್ಲೂ ಗೊತ್ತಾಗಲ್ಲ."

ಈಗಲೇ ಪೊಲೀಸರಿಗೆ ಹೇಳೋಣ ಎಂದು ಎದ್ದೆ. ಎದ್ದವಳು ಹಾಗೆಯೇ ನಿಂತೆ. ಗುರುತು ಅಳಿಸಿಕೊಂಡವರಿಗೆ, ಅದಕ್ಕೆ ನೆರವಾದವರಿಗೆ ಏಳು ವರ್ಷ ಜೈಲು. ಆ ಕಲಮು ಬಿಗಿಯಾಗಿದೆ, ಜಾಮೀನಿಲ್ಲ. ಬೋರಲಿಂಗಯ್ಯನವರ ಉಗುರು ಕಾನೂನಿನ ಪ್ರಕಾರ ಸ್ವಚ್ಛ. ಕಳ್ಳಮಾಲು ಸಿಕ್ಕುವುದು ನನ್ನ ತಮ್ಮನ ಕೈಯಲ್ಲಿ. ಐವತ್ತೆರಡು ವರ್ಷದ, ಬೆರಳು ಕೊಳೆಯುತ್ತಿರುವ ಮನುಷ್ಯನನ್ನು ನಾನೇ ಹಿಡಿದುಕೊಡಬೇಕಿತ್ತು.

ನಾನು ಕೇಳಿದ್ದು ಕೊನೆಗೆ ಒಂದೇ. "ಓಟಿನ ದಿನ ಏನ್ ಮಾಡ್ತೀಯ?"

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಮೂವತ್ತು ವರ್ಷದಿಂದ ನಲವತ್ತಮೂರನೇ ಬೂತಿನಲ್ಲಿ ಮೊದಲ ಓಟು ಅವನದೇ. ಬೂತಿನಲ್ಲಿ ಮೊದಲು ನೋಡುವುದು ಎಡಗೈ ತೋರುಬೆರಳನ್ನು. ಅವನು ಬಟ್ಟೆಯನ್ನು ಮತ್ತೆ ಸುತ್ತಿಕೊಂಡ, ಯಜಮಾನರನ್ನು ಕೇಳಿ ನೋಡುತ್ತೇನೆ ಎಂದ. ಬೋರಲಿಂಗಯ್ಯನವರನ್ನು ಅವನು ಕರೆಯುವುದೇ ಹಾಗೆ.

ಬರುವಾಗ ಅವನ ಉಗುರಿನ ತುದಿಯನ್ನು ಒಂದಿಷ್ಟು ಕತ್ತರಿಸಿ ತಂದಿದ್ದೆ. ಮಾರನೆಯ ದಿನ ಪ್ರಯೋಗಾಲಯದಲ್ಲಿ ಬಾಗಿಲು ಹಾಕಿಕೊಂಡು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕಣಗಳು ಎಷ್ಟು ಅಚ್ಚುಕಟ್ಟಾಗಿ ನಿಂತಿದ್ದವು. ಹಾಲಗೆರೆ ಕ್ಷೇತ್ರ, ಬೋರಲಿಂಗಯ್ಯ, ಮೊದಲ ಅವಧಿ. ಹಾಲಗೆರೆ ಕ್ಷೇತ್ರ, ಬೋರಲಿಂಗಯ್ಯ, ಎರಡನೇ ಅವಧಿ. ನನ್ನ ಶಾಯಿ ನಿಜಕ್ಕೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವಳು ನಾನು, ಸಹಿ ಹಾಕಿ.

ಆ ಚೂರನ್ನು ಲಕೋಟೆಯಲ್ಲಿಟ್ಟು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಹನ್ನೆರಡು ದಿನ ಅದನ್ನು ಹೊತ್ತುಕೊಂಡೇ ತಿರುಗಿದೆ. ಒಂದು ದಿನ ಚುನಾವಣಾ ಆಯೋಗದ ಕಚೇರಿಯ ಗೇಟಿನವರೆಗೂ ಹೋಗಿ ವಾಪಸು ಬಂದೆ. ಟಿವಿಯಲ್ಲಿ ಬೋರಲಿಂಗಯ್ಯ ತೆರೆದ ಜೀಪಿನಲ್ಲಿ ಎಡಗೈ ಎತ್ತಿ ಬೆರಳು ತೋರಿಸುತ್ತ ಹೋಗುತ್ತಿದ್ದರು. ಜನ ಆ ಬೆರಳಿಗೆ ಆರತಿ ಎತ್ತುತ್ತಿದ್ದರು. ಅದು ನನ್ನ ತಮ್ಮನ ಉಗುರು. ಅವನು ಎರಡು ವರ್ಷದವನಿದ್ದಾಗ, ಅತ್ತರೂ ಬಿಡದೆ ನಾನು ಮಡಿಲಲ್ಲಿ ಕೂರಿಸಿಕೊಂಡು ಕತ್ತರಿಸುತ್ತಿದ್ದ ಉಗುರು. ಟಿವಿಗೆ ಏನಾದರೂ ಎಸೆಯಬೇಕೆನಿಸುತ್ತಿತ್ತು. ಎಸೆಯಲಿಲ್ಲ. ನನ್ನಂಥ ಓದಿದವರ ಸಿಟ್ಟು ಅಷ್ಟೇ, ಟಿವಿ ಆರಿಸುವವರೆಗೆ.

ಮತದಾನದ ದಿನ ಬೆಳಗ್ಗೆ ಏಳಕ್ಕೆ ಪುಟ್ಟಗೌರಿಯ ಫೋನು ಬಂತು. ಮೊನ್ನೆ ಶಾಸಕರ ಮನೆಗೆ ಹೋಗಿ ಬಂದಾಗಿನಿಂದ ಅವನು ಮಾತಾಡಿಲ್ಲ, ಊಟ ಮಾಡಿಲ್ಲ, ಈಗ ಇಸ್ತ್ರಿ ಅಂಗಿ ಹಾಕಿಕೊಂಡು ಬೆರಳಿನ ಬಟ್ಟೆ ಬಿಚ್ಚಿಟ್ಟು ಓಟಿಗೆ ಹೊರಟಿದ್ದಾನೆ, ಬೇಗ ಬನ್ನಿ ಎಂದಳು. ಒಂದು ಗಂಟೆಯಲ್ಲಿ ಹಾಲಗೆರೆಯಲ್ಲಿದ್ದೆ.

ಬೂತು ಸರ್ಕಾರಿ ಶಾಲೆಯಲ್ಲಿತ್ತು. ಅವನು ಸಾಲಿನ ಹಿಂದೆ, ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದ. ನಾನು ಪಕ್ಕದಲ್ಲಿ ನಿಂತು ಮೆಲ್ಲಗೆ, ಮನೆಗೆ ನಡಿ ಎಂದು ಬೇಡಿಕೊಂಡೆ. ಬೆರಳು ತೋರಿಸಿದರೆ ಏಳು ವರ್ಷ ಒಳಗಿರುತ್ತೀಯ, ಪುಟ್ಟಗೌರಿಯ ಗತಿಯೇನು ಎಂದೆ. ಅವನು ನನ್ನ ಕಡೆ ನೋಡಲಿಲ್ಲ.

"ಯಜಮಾನ್ರು ಏನಂದ್ರು ಗೊತ್ತಾ ಅಕ್ಕ? ಓಟಿಗೆ ಬರಬ್ಯಾಡ ಕಣೋ ಅಂದ್ರು. ಆಯ್ತು ಬುದ್ಧಿ, ಆದ್ರೆ ನನ್ ಓಟು ಅಂದೆ. ನಗಾಡುದ್ರು. ನಿನ್ನೊಂದು ಓಟು ಯಾವ ಲೆಕ್ಕ ಹೋಗೋ ಅಂದ್ರು." ಜೇಬಿನಲ್ಲಿದ್ದ ಕೈಯನ್ನು ಇನ್ನಷ್ಟು ಒಳಗೆ ತಳ್ಳಿಕೊಂಡ. "ಮೂವತ್ತು ವರ್ಷ ಫ್ಲೆಕ್ಸು ಕಟ್ದೆ. ಮಗ ಹೋದಾಗ್ಲೂ ಬಾಯಿ ಮುಚ್ಕೊಂಡಿದ್ದೆ. ನಂದು ಅಂತ ಅವ್ರಿಗೆ ಕೊಡಕ್ಕೆ ಇದ್ದಿದ್ದೇ ಓಟು ಅನ್ಕೊಂಡಿದ್ದೆ. ಅದು ಲೆಕ್ಕಕ್ಕೇ ಇಲ್ವಂತೆ."

ಅವನ ಬಾಯಿಯಿಂದ ಮಗುವಿನ ಮಾತು ಬಂದದ್ದು ಆವತ್ತೇ ಮೊದಲು.

ಅಷ್ಟರಲ್ಲಿ ಕಾರುಗಳು ಬಂದವು. ಬೋರಲಿಂಗಯ್ಯ ಹೆಂಡತಿ, ಮಗ, ಸೊಸೆ ಸಮೇತ ಇಳಿದರು. ಸಾಲು ತಾನಾಗಿಯೇ ಪಕ್ಕಕ್ಕೆ ಸರಿಯಿತು. ಯಾರೂ ಸರಿಯಿರಿ ಅನ್ನಲಿಲ್ಲ, ಅಭ್ಯಾಸ. ಒಂದು ಗಂಟೆಯಿಂದ ನಿಂತಿದ್ದ ಮುದುಕಿಯೂ ಸರಿದು ಕೈ ಮುಗಿದಳು. ಅವರು ಒಳಗೆ ಹೋಗಿ ಎರಡು ನಿಮಿಷದಲ್ಲಿ ಹೊರಗೆ ಬಂದರು. ಗೇಟಿನಾಚೆ ಟಿವಿಯವರು ಕ್ಯಾಮೆರಾ ಇಟ್ಟುಕೊಂಡು ಕಾಯುತ್ತಿದ್ದರು. ಅವರ ಮುಂದೆ ನಿಂತು, ಎಲ್ಲ ನಾಯಕರೂ ಮಾಡುವ ಹಾಗೆ, ಶಾಯಿ ಹಚ್ಚಿದ ಎಡಗೈ ಬೆರಳನ್ನು ಎತ್ತಿ ನಕ್ಕರು.

ಚೆಲುವರಾಜು ಆ ಬೆರಳನ್ನೇ ನೋಡುತ್ತಿದ್ದ.

"ನನ್ ಉಗುರು ಓಟು ಹಾಕ್ಬುಟ್ಟು ಬಂತು ಅಕ್ಕ," ಎಂದ. "ನಾನು ಹೊರಗೆ ನಿಂತಿವ್ನಿ."

ಹಾಗೆಂದವನು ಸಾಲು ಬಿಟ್ಟು ನಡೆದ. ಬೋರಲಿಂಗಯ್ಯ ಅವನನ್ನು ನೋಡಿ ಒಂದು ಗಳಿಗೆ ತಬ್ಬಿಬ್ಬಾದರು, ಆದರೆ ಮೂವತ್ತೈದು ವರ್ಷದ ಪಳಗಿದ ಕೈ, ತಕ್ಷಣ ಅವನ ಹೆಗಲ ಮೇಲೆ ತೋಳು ಹಾಕಿದರು. ಇವನು ನಮ್ಮ ಚೆಲುವ, ನಮ್ಮ ಹಳೇ ಕಾರ್ಯಕರ್ತ ಎಂದು ಕ್ಯಾಮೆರಾಕ್ಕೆ ಪರಿಚಯಿಸಿದರು. ಚೆಲುವರಾಜು ಜೇಬಿನಿಂದ ಎಡಗೈ ತೆಗೆದು, ಅವರ ಬೆರಳಿನ ಪಕ್ಕಕ್ಕೆ ತನ್ನ ಬೆರಳನ್ನು ಎತ್ತಿ ಹಿಡಿದ. ಕೀವುಗಟ್ಟಿದ ಬೆರಳು, ಎರಡು ನೇರಳೆ ಗೆರೆ.

"ಈ ಎರಡು ಗೆರೆ ಇವ್ರದು. ಅಲ್ಲಿರೋ ಉಗುರು ನಂದು," ಎಂದ. ಅವನು ಕೂಗಲಿಲ್ಲ. ಕ್ಯಾಮೆರಾದವರು ಹತ್ತಿರ ಬಂದದ್ದು ಅದಕ್ಕೇ ಇರಬೇಕು.

ಬೋರಲಿಂಗಯ್ಯ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಪಾಪ, ಬೆಳಗ್ಗೆಯೇ ಕುಡಿದು ಬಂದಿದ್ದಾನೆ, ಮಗ ತೀರಿಕೊಂಡಾಗಿನಿಂದ ತಲೆ ಸರಿಯಿಲ್ಲ ಎಂದರು. ಮಗ ತೀರಿಕೊಂಡಾಗಿನಿಂದ! ಆ ಮಗುವನ್ನು ಬಾಯಲ್ಲಿ ಎತ್ತುವುದಕ್ಕೆ ಆ ಮನುಷ್ಯನಿಗೆ ನಾಚಿಕೆಯಾಗಲಿಲ್ಲ. ಒಬ್ಬ ವರದಿಗಾರ್ತಿ ಮೈಕನ್ನು ಚೆಲುವರಾಜುವಿನ ಕಡೆ ಹಿಡಿದು, ಇದು ನಿಜ ಎಂದು ಯಾರು ಹೇಳುತ್ತಾರೆ ಎಂದು ಕೇಳಿದಳು.

ಚೆಲುವರಾಜು ನನ್ನ ಕಡೆ ತಿರುಗಿದ. ಬಾಯಿ ಬಿಡಬೇಡ ಎನ್ನಲಿಲ್ಲ, ಹೇಳು ಎಂದೂ ಎನ್ನಲಿಲ್ಲ. ನಾನು ಸುಮ್ಮನಿದ್ದರೆ ಅವನು ಕುಡುಕ, ಹುಚ್ಚ, ಸಂಜೆಗೆ ಮನೆ ಸೇರುತ್ತಾನೆ. ಮಾತಾಡಿದರೆ ನನ್ನ ಬಾಯಿಂದಲೇ ಅವನು ಜೈಲಿಗೆ ಹೋಗುತ್ತಾನೆ. ಲೋಕದಲ್ಲಿ ಅವನ ಮಾತು ನಿಜವೆಂದು ಹೇಳಬಲ್ಲವಳು ನಾನೊಬ್ಬಳೇ ಇದ್ದೆ.

"ನಾನು ಹೇಳ್ತೀನಿ," ಎಂದೆ. "ಆ ಶಾಯಿ ಮಾಡಿದವಳು ನಾನು. ಎರಡು ಗೆರೆಯೂ ಬೋರಲಿಂಗಯ್ಯನವರದ್ದು, ಪರೀಕ್ಷೆ ಮಾಡಿದ ಚೂರು ನನ್ನ ಬ್ಯಾಗಿನಲ್ಲಿದೆ. ಗುರುತು ಇಲ್ಲ ಅಂತ ಸಹಿ ಹಾಕಿದವಳೂ ನಾನೇ. ಗೊತ್ತಾದ ಮೇಲೆ ಹನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ. ಇವನು ನನ್ನ ತಮ್ಮ."

ಆಮೇಲಿನದು ಪೇಪರಿನಲ್ಲಿ ಬಂದಿದೆ. ಹಾಲಗೆರೆಯ ಚುನಾವಣೆ ರದ್ದಾಯಿತು. ನನ್ನ ಕೆಲಸ ಹೋಯಿತು, ನನ್ನ ಮೇಲಿನ ಮೊಕದ್ದಮೆ ನಡೆಯುತ್ತಿದೆ. ಚೆಲುವರಾಜು ಜೈಲಿನಲ್ಲಿದ್ದಾನೆ, ಆ ಬೆರಳನ್ನು ಕೊನೆಗೆ ಕತ್ತರಿಸಬೇಕಾಯಿತು. ಬೋರಲಿಂಗಯ್ಯ ಎದೆನೋವೆಂದು ಆಸ್ಪತ್ರೆಯಲ್ಲಿದ್ದಾರೆ, ವಿಚಾರಣೆ ಇನ್ನೂ ಶುರುವಾಗಿಲ್ಲ. ನಮ್ಮ ದೇಶದಲ್ಲಿ ಜೈಲಿನಲ್ಲಿರುವವನು ಓಟು ಹಾಕುವಂತಿಲ್ಲ, ವಿಚಾರಣೆ ಮುಗಿಯುವವರೆಗೆ ಚುನಾವಣೆಗೆ ಮಾತ್ರ ನಿಲ್ಲಬಹುದು. ಮರುಚುನಾವಣೆಗೆ ಅವರು ಆಸ್ಪತ್ರೆಯಿಂದಲೇ ಅರ್ಜಿ ಹಾಕುತ್ತಾರಂತೆ. ಆ ಕಲಮು ಇನ್ನೂ ಹಾಗೆಯೇ ಇದೆ, ಉಗುರು ಇನ್ನೂ ಬೆಳ್ಳಗಿದೆ. ಆ ಕಲಮನ್ನು ಕಿತ್ತುಹಾಕಿಸುವುದಕ್ಕೆ ನಾನು ಕೋರ್ಟು ಅಲೆಯುತ್ತಿದ್ದೇನೆ. ಬರೆಸಿದವಳೇ ಕಿತ್ತುಹಾಕಿಸಬೇಕಲ್ಲ.

ಆದರೆ ಪೇಪರಿನಲ್ಲಿ ಬಾರದ ಒಂದು ವಿಷಯವಿದೆ. ಆವತ್ತು ಸಬ್ ಇನ್‌ಸ್ಪೆಕ್ಟರು ಬಂದು ಚೆಲುವರಾಜುವಿನ ತೋಳು ಹಿಡಿದರು. ಅವನದನ್ನು ಮಾತ್ರ. ಬೋರಲಿಂಗಯ್ಯನವರಿಗೆ ಕಾರಿನ ಬಾಗಿಲು ತೆಗೆದುಕೊಡಲು ಒಬ್ಬ ಪೇದೆ ಓಡಿದ. ಚೆಲುವರಾಜು ಕೊಸರಾಡಲಿಲ್ಲ.

"ಬತ್ತೀನಿ ಸಾರ್," ಎಂದ. "ನಂದು ಓಟು ಆಗಿಲ್ಲ. ಹಾಕ್ಬುಟ್ಟು ಬತ್ತೀನಿ."

ಸಬ್ ಇನ್‌ಸ್ಪೆಕ್ಟರು ಅವನನ್ನು ಜೀಪಿನ ಕಡೆ ಎಳೆದರು. ಆಗ ಸಾಲಿನಲ್ಲಿದ್ದ ಆ ಮುದುಕಿ ಮುಂದೆ ಬಂದು ಜೀಪಿಗೂ ಅವನಿಗೂ ನಡುವೆ ನಿಂತಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಗಂಡಸರು. ಯಾರೂ ಘೋಷಣೆ ಕೂಗಲಿಲ್ಲ. ಸುಮ್ಮನೆ, ಶಾಲೆಯ ಬಾಗಿಲಿನಿಂದ ಅವನು ನಿಂತಲ್ಲಿಯವರೆಗೆ, ಎರಡು ಕಡೆಗೂ ಸರಿದು ದಾರಿ ಮಾಡಿ ನಿಂತರು. ಸಬ್ ಇನ್‌ಸ್ಪೆಕ್ಟರು ಆ ಮುಖಗಳನ್ನು ಒಮ್ಮೆ ನೋಡಿ ಕೈ ಬಿಟ್ಟರು.

ಬೂತಿನ ಅಧಿಕಾರಿ ಊರಿನ ಶಾಲೆಯ ಟೀಚರೇ. ಅವನ ತೋರುಬೆರಳನ್ನು ನೋಡಿ, ಪಕ್ಕದ ಬೆರಳಿಗೆ ಶಾಯಿ ಹಚ್ಚಿ ಚೀಟಿ ಕೊಟ್ಟರು. ನನ್ನ ತಮ್ಮ ಒಳಗೆ ಹೋಗಿ ತನ್ನ ಓಟು ಹಾಕಿ ಬಂದ. ಯಾರಿಗೆ ಹಾಕಿದ ಎಂದು ನಾನು ಇವತ್ತಿಗೂ ಕೇಳಿಲ್ಲ.